ಎರಡೂ ಎಡಗೈ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹೆಣಿಗೆ ಕಾರ್ಖಾನೆಯಲ್ಲಿ ಹದಿನೇಳು ವರ್ಷಗಳಿಂದ ಅವಳು ಬಿಚ್ಚಮ್ಮ. ಎದುರಿಗೆ ಬರೀ ಅಮ್ಮ, ಬೆನ್ನು ತಿರುಗಿಸಿದರೆ ಬಿಚ್ಚಮ್ಮ. ಈ ಹೆಸರು ಅವಳ ಕಿವಿಗೆ ಬಿದ್ದಿಲ್ಲವೆಂದು ಉಳಿದವರು ನಂಬಿದ್ದರು. ಬಿದ್ದಿತ್ತು. ಬಿದ್ದ ದಿನ ಅವಳು ಒಳಗೊಳಗೇ ಹಿಗ್ಗಿದ್ದಳು. ಅಡ್ಡಹೆಸರು ಪುಕ್ಕಟೆ ಬರುತ್ತದೆಯೇ? ಗಿಟ್ಟಿಸಿಕೊಳ್ಳಬೇಕು.

ಕಾರ್ಖಾನೆಯೆಂದರೆ ಹೊಗೆ, ಸೈರನ್ನು ಎಂದೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಸೈಕಲ್ ಅಂಗಡಿಯೊಂದರ ಮಹಡಿ. ಅಲ್ಲಿ ಒಂದು ಉದ್ದನೆಯ ಕೋಣೆ, ಕೋಣೆಯಷ್ಟೇ ಉದ್ದದ ಮೇಜು, ಮೇಜಿನ ಎರಡೂ ಬದಿಗೆ ಹನ್ನೊಂದು ಹೆಂಗಸರು. ಟೋಪಿ, ಮಫ್ಲರು, ಕಾಲುಚೀಲ, ಕೈಗವಸು, ಹೀಗೆ ಚಳಿಗೆ ಬೇಕಾದ್ದೆಲ್ಲ ಅಲ್ಲಿ ಕಡ್ಡಿಯಲ್ಲೇ ಹೆಣೆದು ಹೊರಗೆ ಹೋಗುತ್ತಿತ್ತು. ಗಾಳಿಯಲ್ಲಿ ಉಣ್ಣೆಯ ಎಳೆ ತೇಲುತ್ತಿದ್ದುದರಿಂದ ಎಲ್ಲರೂ ವರ್ಷವಿಡೀ ನೆಗಡಿಯಾದವರ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ, ಬೆಳಕು ನೇರ ಬೀಳುವ ಕಡೆ ಬಿಚ್ಚಮ್ಮನ ಕುರ್ಚಿ. ಯಾರು ಏನೇ ಹೆಣೆಯಲಿ, ಅದು ಅವಳ ಕೈ ದಾಟಿಯೇ ಕೆಳಗಿಳಿಯಬೇಕು.

ಅವಳ ಪದ್ಧತಿ ಹೀಗಿತ್ತು. ತಪ್ಪು ಕಂಡರೆ ಬೈಯುತ್ತಿರಲಿಲ್ಲ, ತಪ್ಪು ಎಲ್ಲಿದೆಯೆಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಹೆಣೆದವಳನ್ನು ಕಣ್ಣಲ್ಲೇ ಕರೆದು, ಗಂಟು ಬಿಡಿಸಿ, ನೂಲಿನ ತುದಿಯನ್ನು ಅವಳ ಕೈಗೆ ಕೊಟ್ಟು "ಸುತ್ತಿಕೋ" ಎನ್ನುತ್ತಿದ್ದಳು. ಬಿಚ್ಚಮ್ಮ ಹಿಡಿದುಕೊಂಡಿರುವುದು, ಹೆಣೆದವಳು ಎಳೆದೆಳೆದು ಉಂಡೆ ಸುತ್ತುವುದು. ನಾಲ್ಕು ದಿನದ ಕೆಲಸ ಹತ್ತು ನಿಮಿಷದಲ್ಲಿ ಟುರ್ರೆಂದು ಬಿಚ್ಚಿಹೋಗುತ್ತಿತ್ತು. ಅಷ್ಟು ಹೊತ್ತೂ ಉಳಿದ ಹತ್ತು ಜನ ತಲೆ ತಗ್ಗಿಸಿ ಕಡ್ಡಿ ಆಡಿಸುತ್ತಿದ್ದರು, ಒಬ್ಬೊಬ್ಬರ ಎದೆಯಲ್ಲೂ 'ಸದ್ಯ, ನನ್ನದಲ್ಲ' ಎಂಬ ಸಮಾಧಾನ.

"ಎಲ್ಲಿ ತಪ್ಪಾಯ್ತಮ್ಮ?" ಎಂದು ಹೊಸಬರು ಕೇಳುವುದುಂಟು.

"ಅದು ನಿನಗೇ ಗೊತ್ತಾಗ್ಬೇಕು. ನಾನು ಹೇಳಿದ್ರೆ ನನ್ನ ಬಾಯಿ ನೋಯುತ್ತೆ ಅಷ್ಟೇ. ನಿನ್ನ ಕೈಗೆ ಬುದ್ಧಿ ಬರಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಹೆಣಿಗೆಯಲ್ಲಿ ಆಗುವ ತಪ್ಪುಗಳಿಗೆಲ್ಲ ಬಿಚ್ಚುವುದೊಂದೇ ಮದ್ದಲ್ಲ. ಎಲ್ಲೋ ಒಂದು ಕುಣಿಕೆ ಜಾರಿದ್ದರೆ ಕೊಕ್ಕೆಕಡ್ಡಿಯಿಂದ ಅದನ್ನು ಹಿಡಿದು, ಏಣಿ ಹತ್ತಿಸಿದಂತೆ ಸಾಲು ಸಾಲಾಗಿ ಮೇಲಕ್ಕೆ ತರಬಹುದು. ಒಂದು ಕುಣಿಕೆ ಕಡಿಮೆ ಬಿದ್ದರೆ ಮುಂದಿನ ಸಾಲಿನಲ್ಲಿ ಒಂದು ಸೇರಿಸಿದರಾಯಿತು, ಹಾಕಿಕೊಳ್ಳುವವನ ಅಪ್ಪನಿಗೂ ತಿಳಿಯುವುದಿಲ್ಲ. ಬಿಚ್ಚಮ್ಮನಿಗೆ ಇದೆಲ್ಲ ಗೊತ್ತಿತ್ತು. ತನ್ನ ಸ್ವಂತ ಹೆಣಿಗೆಯಲ್ಲಿ ತಪ್ಪಾದಾಗ ಹಾಗೇ ಮಾಡುತ್ತಿದ್ದಳು. ಬೇರೆಯವರದಾದರೆ ಬುಡದವರೆಗೂ ಬಿಚ್ಚಿಸುತ್ತಿದ್ದಳು.

ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ, ಗುಂಗುರುಗುಂಗುರಾಗಿ ಸುರುಳಿಕೊಂಡಿರುತ್ತದೆ. ಅದನ್ನು ನೀರಲ್ಲಿ ಅದ್ದಿ, ಕೆಳಗೊಂದು ಭಾರ ಕಟ್ಟಿ, ಹಗ್ಗಕ್ಕೆ ನೇತುಹಾಕಿ ಒಣಗಿಸಿದರೆ ಮಾತ್ರ ಮತ್ತೆ ಹೆಣಿಗೆಗೆ ಬಗ್ಗುತ್ತದೆ. ಹಗ್ಗ ಕೋಣೆಯ ನಟ್ಟನಡುವೆ ಇತ್ತು. ಯಾರ ನೂಲು ನೇತಾಡುತ್ತಿದೆಯೆಂದು ಬಂದವರಿಗೂ ಹೋದವರಿಗೂ ತಿಳಿಯಲಿ ಎಂದು ಹಗ್ಗವನ್ನು ಅಲ್ಲಿ ಕಟ್ಟಿಸಿದವಳೂ ಬಿಚ್ಚಮ್ಮನೇ.

ಇಂಥವಳ ಹತ್ತಿರ ಅವಳ ತಂಗಿ ಕೆಲಸ ಕಲಿಯಲು ಬಂದಳು.

ತಂಗಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು, ನಲವತ್ತೇಳು ದಾಟಿತ್ತು. ಮದುವೆಯಾಗಲಿಲ್ಲ. ಇಪ್ಪತ್ತೆರಡು ವರ್ಷ ಅಣ್ಣನ ಮನೆಯಲ್ಲಿ ಬಿದ್ದುಕೊಂಡಿದ್ದಳು. ಎಲ್ಲರಿಗಿಂತ ಮೊದಲು ಏಳುವುದು, ಎಲ್ಲರೂ ಉಂಡಮೇಲೆ ಉಳಿದರೆ ಉಣ್ಣುವುದು, ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಸಿಕೊಳ್ಳುವುದು. ಅತ್ತಿಗೆ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಏ' ಎಂದರೆ ಅವಳೇ. ಒಂದು ದಿನ ಹಾಲು ಉಕ್ಕಿ ಚೆಲ್ಲಿದ್ದಕ್ಕೆ ಅತ್ತಿಗೆ ಪಾತ್ರೆಯನ್ನು ಅವಳತ್ತ ಎಸೆದಳು. ಹಣೆಗೆ ಬಿತ್ತು. ಅಣ್ಣ ಪೇಪರಿನಿಂದ ತಲೆಯೆತ್ತಿ, "ಮೊದಲು ನೆಲ ಒರೆಸು" ಎಂದ. ನೆಲ ಒರೆಸಿ, ಒಂದು ಚೀಲದಲ್ಲಿ ನಾಲ್ಕು ಬಟ್ಟೆ ತುಂಬಿಕೊಂಡು ಅಕ್ಕನ ಬಾಗಿಲಿಗೆ ಬಂದು ನಿಂತಳು.

ಅಕ್ಕನದು ಒಂದೇ ಕೋಣೆ. ಗಂಡ ಸತ್ತಮೇಲೆ ಒಬ್ಬಳೇ ಇದ್ದು ರೂಢಿಯಾದವಳಿಗೆ ಎರಡನೆಯ ಚಾಪೆ ಕಂಡರೇ ಉಸಿರು ಕಟ್ಟುತ್ತಿತ್ತು. ಮೊದಲ ದಿನವೇ ಹೇಳಿಬಿಟ್ಟಳು: "ಯಜಮಾನ್ರ ಹತ್ರ ಮಾತಾಡಿದೀನಿ. ಒಂದು ತಿಂಗಳು ನೋಡ್ತಾರೆ. ಆ ತಿಂಗಳಲ್ಲಿ ಒಂದು ಜೊತೆ ಗ್ಲೌಸಾದ್ರೂ ನನ್ನ ಕೈಯಲ್ಲಿ ಪಾಸಾದ್ರೆ ಕುರ್ಚಿ ಖಾಯಂ, ನೀನು ಇಲ್ಲೇ ಇರು. ಇಲ್ಲ ಅಂದ್ರೆ ಅಣ್ಣನ ಮನೆ ದಾರಿ ನಿನಗೆ ಗೊತ್ತಿದೆ."

"ಪಾಸಾಗ್ತೀನಿ ಅಕ್ಕ," ಎಂದಳು ತಂಗಿ. "ನೀನು ಇರೋವಾಗ ನನಗೇನು ಭಯ."

ಪಾಪ, ಹಾಗೇ ನಂಬಿದ್ದಳು.

ಆಗ ನಡೆಯುತ್ತಿದ್ದದ್ದು ಒಂದು ಕೋಲ್ಡ್ ಸ್ಟೋರೇಜಿನ ಆರ್ಡರು. ಮಂಜುಗಡ್ಡೆಯ ನಡುವೆ ಪೆಟ್ಟಿಗೆ ಎತ್ತಿಡುವ ಕೆಲಸಗಾರರಿಗೆ ಮುನ್ನೂರು ಜೊತೆ ಕೈಗವಸು, ಹಿಂಗೈ ಮೇಲೆ ಜಡೆ ಹೆಣೆದಂತೆ ಒಂದು ಉಬ್ಬು ಪಟ್ಟಿ. ಅದುವರೆಗೆ ಅಲ್ಲಿ ಆಗುತ್ತಿದ್ದದ್ದು ಬರೀ ಸಾದಾ ಗವಸು, ಎಡಗೈಗೆ ಬೇಕಾದರೆ ಎಡಗೈ, ಬಲಗೈಗೆ ಬೇಕಾದರೆ ಬಲಗೈ. ಜಡೆ ಬಂದದ್ದೇ ತಡ ಎಡ ಬೇರೆ, ಬಲ ಬೇರೆ ಆಯಿತು. ಜಡೆಯನ್ನು ಎದುರಿಗಿಟ್ಟುಕೊಂಡರೆ ಎಡಗೈಯದಕ್ಕೆ ಹೆಬ್ಬೆರಳು ಬಲಕ್ಕೆ ಬರಬೇಕು, ಬಲಗೈಯದಕ್ಕೆ ಎಡಕ್ಕೆ.

ಇದರಲ್ಲಿ ಒಂದು ಮೋಸದ ಹಳ್ಳ ಇದೆ. ಹೆಣೆಯುವವಳ ಬಲಗೈಯಲ್ಲಿ ಯಾವಾಗಲೂ ಕಡ್ಡಿ. ಅಳತೆ ನೋಡಬೇಕೆಂದರೆ ಅವಳು ಅರ್ಧ ಆದ ಗವಸನ್ನು ಎಡಗೈಗೇ ತೊಡಿಸಿ ನೋಡುತ್ತಾಳೆ. ಮೊದಲನೆಯದನ್ನೂ ಎಡಗೈಗೆ, ಎರಡನೆಯದನ್ನೂ ಎಡಗೈಗೆ. ಎರಡೂ ಚೆನ್ನಾಗಿ ಕೂರುತ್ತವೆ. ಕೂರದೆ ಏನು, ಎರಡೂ ಎಡಗೈಯವೇ. ಹಳಬರು ಆರ್ಡರಿನ ಮೊದಲ ವಾರದಲ್ಲೇ ಈ ಹಳ್ಳಕ್ಕೆ ಒಂದೊಂದು ಸಲ ಬಿದ್ದು ಎದ್ದವರು, ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸಬರು ನೋಡಿಕೊಳ್ಳಲೆಂದು ಗೋಡೆಯ ಮೊಳೆಗೆ ಒಂದು ಜೊತೆ ಸ್ಯಾಂಪಲ್ ನೇತುಹಾಕಿತ್ತು. ಆರ್ಡರು ಬಂದ ದಿನವೇ ಬಿಚ್ಚಮ್ಮ ಒಂದೇ ಬೀಸಿಗೆ ಹೆಣೆದದ್ದು. ಹೊಸಬಳೆಂದು ಇದ್ದವಳು ತಂಗಿಯೊಬ್ಬಳೇ.

ತಂಗಿಯ ಕೈ ಬಿಗಿ ಚೆನ್ನಾಗಿತ್ತು. ಕುಣಿಕೆಗಳು ಅಚ್ಚು ಹಾಕಿದ ಹಾಗೆ ಬೀಳುತ್ತಿದ್ದವು. ಅವಳು ಸ್ಯಾಂಪಲ್ಲನ್ನು ಮೊಳೆಯಿಂದ ತೆಗೆಯದೆ, ಅದರ ಮುಂದೆ ನಿಂತು ಬೆರಳಿಟ್ಟು ಸಾಲು ಎಣಿಸಿ, ಬಂದು ಕೂತು ಅಷ್ಟೇ ಸಾಲು ಹೆಣೆಯುತ್ತಿದ್ದಳು. ಎಂಟನೆಯ ದಿನ ಮೊದಲ ಜೊತೆ ಮುಗಿಯಿತು. ಬಿಚ್ಚಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಒಂದು ಕ್ಷಣ ಸಾಕಾಯಿತು.

"ಸುತ್ತಿಕೋ."

ತಂಗಿ ಏನೂ ಕೇಳದೆ ಸುತ್ತಿಕೊಂಡಳು. ಮನೆಗೆ ಬಂದಮೇಲೆ ತಟ್ಟೆ ಮುಂದಿಟ್ಟು ಮೆಲ್ಲಗೆ ಕೇಳಿದಳು. "ಅಕ್ಕ, ಜಡೆ ತಿರುವಿದ್ದು ತಪ್ಪಾಯ್ತಾ? ಮಣಿಕಟ್ಟು ಬಿಗಿಯಾಯ್ತಾ?"

"ಕಾರ್ಖಾನೆ ಮಾತು ಕಾರ್ಖಾನೆಲಿ."

"ಇಲ್ಲಿ ಯಾರಿದಾರೆ ಅಕ್ಕ, ನಾವಿಬ್ರೇ."

"ನಾವಿಬ್ರೇ ಅಂತಾನೇ ಹೇಳಲ್ಲ. ನಾಳೆ ಯಾರಾದ್ರೂ ಮನೇಲಿ ಹೇಳ್ಕೊಟ್ಲು ಅಂದ್ರೆ?"

'ಹೆಬ್ಬೆರಳು' ಎಂಬ ಒಂದೇ ಮಾತು ಸಾಕಿತ್ತು. ಆಡಿದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಹೇಳದೆ ಇರುವುದರಲ್ಲಿ ಒಂದು ರುಚಿಯಿದೆ, ಹದಿನೇಳು ವರ್ಷ ಉಂಡವಳಿಗೆ ಆ ರುಚಿ ಬಿಡುವುದು ಸುಲಭವಲ್ಲ.

ಎರಡನೆಯ ಜೊತೆಯೂ ಹಾಗೇ ಆಯಿತು. ತಂಗಿ ಈ ಸಲ ಇನ್ನೂ ಎಚ್ಚರದಿಂದ ಸ್ಯಾಂಪಲ್ ನೋಡಿದ್ದಳು, ಹಾಗಾಗಿ ಇನ್ನೂ ಕರಾರುವಾಕ್ಕಾಗಿ ಎರಡು ಎಡಗೈ ಹೆಣೆದಿದ್ದಳು. ಅವಳ ನೂಲು ಹಗ್ಗದ ಮೇಲೆ ಖಾಯಂ ಆಯಿತು. ಅವಳೆದುರು ಕೂರುತ್ತಿದ್ದ ಟೋಪಿಯಕ್ಕ, ಟೋಪಿ ಬಿಟ್ಟು ಬೇರೇನೂ ಹೆಣೆಯದ, ಬಾಯಿಗೆ ಬೀಗವಿಲ್ಲದ ಹೆಂಗಸು, ಆ ನೂಲನ್ನು ನೋಡಿ, "ಎಷ್ಟು ಸಲ ಬಿಚ್ಚಿದ್ರೂ ನಾಚಿಕೆ ಇಲ್ದೆ ನೇತಾಡುತ್ತೆ ನೋಡ್ರೇ" ಎಂದಳು. ಕೋಣೆಯವರಿಗೆ ತಂಗಿ ಮಾಡುತ್ತಿರುವ ತಪ್ಪು ಏನೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಎಡ ಮತ್ತು ಎಡವಟ್ಟು ಎರಡೂ ಸೇರಿ ಅವಳಿಗೆ ಎಡವಟ್ಟಕ್ಕ ಎಂದು ಹೆಸರೂ ಆಗಿತ್ತು. ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಬಿಚ್ಚಮ್ಮನ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ಕೆಲವರು ಸುಮ್ಮನಿದ್ದರು. ಉಳಿದವರು ನಗುವುದಕ್ಕೆ ಒಬ್ಬರು ಇರಲಿ ಎಂದು ಸುಮ್ಮನಿದ್ದರು.

ತಿಂಗಳ ಕೊನೆಯ ದಿನ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಉಣ್ಣೆ ಮೈಗೆ ತಾಗಿದರೆ ಅವರಿಗೆ ತುರಿಕೆ, ಅದಕ್ಕೆ ಯಾವಾಗಲೂ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ತಂಗಿ ಮೂರನೆಯ ಜೊತೆಯನ್ನು ತಂದು ಅಕ್ಕನ ಮುಂದಿಟ್ಟಳು. ನೂಲು ಬಿಚ್ಚಿ ಬಿಚ್ಚಿ ಜೂಲು ಬಂದಿತ್ತು, ಹೆಣಿಗೆ ಮಾತ್ರ ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ.

ಬಿಚ್ಚಮ್ಮ ಗಂಟು ಬಿಡಿಸಿದಳು. "ಸುತ್ತಿಕೋ."

ತಂಗಿ ಕೈ ಚಾಚಲಿಲ್ಲ. "ಅಕ್ಕ, ಎಲ್ಲಿ ತಪ್ಪಿದೆ ಅಂತ ಒಂದೇ ಒಂದು ಸಲ ಹೇಳ್ಬಿಡು. ಆಮೇಲೆ ಸುತ್ಕೋತೀನಿ."

ಟೋಪಿಯಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯೋ ಮಂಕೇ, ಎರಡೂ ಎಡಗೈ ಕಣೇ. ಕೋಲ್ಡ್ ಸ್ಟೋರೇಜ್ನವರಿಗೆಲ್ಲ ಎರಡೆರಡು ಎಡಗೈ ಇರುತ್ತೆ ಅಂದ್ಕೊಂಡ್ಯಾ?"

ಕೋಣೆಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ತಂಗಿ ತನ್ನ ಗವಸುಗಳನ್ನು ನೋಡಿದಳು, ಆಮೇಲೆ ಗೋಡೆಯ ಮೊಳೆಯ ಕಡೆ ನೋಡಿದಳು. ವಾದ ಮಾಡುವ ದನಿಯಲ್ಲಿ ಅಲ್ಲ, ನಿಜವಾಗಿ ಗೊತ್ತಾಗದವಳ ದನಿಯಲ್ಲಿ ಹೇಳಿದಳು: "ಸ್ಯಾಂಪಲ್ಲೂ ಹಾಗೇ ಇದೆಯಲ್ಲ ಅಕ್ಕ."

ನಗು ನಿಂತಿತು.

"ಯಾವ ಸ್ಯಾಂಪಲ್ಲು? ನಾನು ಹೆಣೆದದ್ದಾ?" ಬಿಚ್ಚಮ್ಮ ಎದ್ದಳು. ಮೊಳೆಯಿಂದ ಜೊತೆಯನ್ನು ಕಿತ್ತುಕೊಂಡು ಎಲ್ಲರ ಕಡೆ ತಿರುಗಿದಳು. "ನೋಡಿ ಎಲ್ರೂ. ನೀನೂ ಕಣ್ಣು ಬಿಟ್ಟು ನೋಡು."

ಎಡಗೈ ತೊಟ್ಟಳು. ಹಿಂಗೈ ಮೇಲೆ ಜಡೆ ಅಂದವಾಗಿ ಕೂತಿತು. ಕೈಯೆತ್ತಿ ತೋರಿಸಿದಳು, ಇಳಿಸಿದಳು. ಆಮೇಲೆ ಬಲಗೈ ತೂರಿಸಿದಳು. ಹೆಬ್ಬೆರಳು ಅದರ ಜಾಗ ಸೇರಿದ ಕೂಡಲೇ ಜಡೆಯ ಉಬ್ಬು ಅಂಗೈಗೆ ಒತ್ತಿತು.

ಮೊದಲು ಅರ್ಥವಾದದ್ದು ಅವಳ ಕೈಗೆ, ತಲೆಗೆ ಆಮೇಲೆ. ಕಂಡವರ ತಟ್ಟೆಯ ನೊಣ ಹುಡುಕುತ್ತಿದ್ದವಳ ತಟ್ಟೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿತ್ತು, ಅದೂ ತಿಂಗಳಿಂದ, ಎಲ್ಲರ ಕಣ್ಣೆದುರು, ಮೊಳೆಗೆ ನೇತುಬಿದ್ದು. ಹಳಬರು ಸ್ಯಾಂಪಲ್ ಕಡೆ ತಿರುಗಿ ನೋಡುವವರಲ್ಲ. ನೋಡಿದವಳು ಒಬ್ಬಳೇ, ಅಕ್ಕ ಮಾಡಿದ್ದು ತಪ್ಪಿರುವುದುಂಟೇ ಎಂದು ನಂಬಿದವಳು.

ಹನ್ನೊಂದು ಮುಖಗಳು ಕಾದಿದ್ದವು. ಬಿಚ್ಚಮ್ಮ ಬಲಗೈ ಎತ್ತಿದಳು, ಹಿಂಗೈಯಲ್ಲ, ಅಂಗೈಯನ್ನು ಅವರಿಗೆ ತೋರಿಸಿ. ಗವಸು ತೊಟ್ಟ ಕೈಯಲ್ಲಿ ಉಗುರು ಕಾಣುವುದಿಲ್ಲ, ಗೆರೆ ಕಾಣುವುದಿಲ್ಲ. ಜಡೆ ಕಂಡಿತು, ಅಷ್ಟು ಸಾಕಾಯಿತು. "ಇದು ಬಲಗೈ," ಎಂದಳು. ಎರಡು ಕೈಯನ್ನೂ ಒಟ್ಟಿಗೆ ಎತ್ತಲಿಲ್ಲ.

ಪಕ್ಕದಲ್ಲೇ ನಿಂತಿದ್ದ ತಂಗಿಗೆ ಮಾತ್ರ ಗವಸಿನ ಅಂಚಿನ ಕೆಳಗೆ ಅಕ್ಕನ ಮಣಿಕಟ್ಟು ಕಂಡಿತು. ನಾಡಿ ನೋಡುವ ಬದಿ, ನೀಲಿ ನರ ಎದ್ದ ಬದಿ. ಅದರ ಮೇಲೆ ಜಡೆ. ತಂಗಿ ಅಕ್ಕನ ಮುಖ ನೋಡಿದಳು. ಅಕ್ಕನೂ ನೋಡಿದಳು. ಇಬ್ಬರಿಗೂ ಗೊತ್ತಾಯಿತು, ಒಬ್ಬರಿಗೆ ಗೊತ್ತಾಗಿದ್ದು ಇನ್ನೊಬ್ಬರಿಗೂ ಗೊತ್ತಾಯಿತು.

"ಹೌದಕ್ಕ," ಎಂದಳು ತಂಗಿ. "ನಾನೇ ಸರಿಯಾಗಿ ನೋಡ್ಲಿಲ್ಲ." ಕೈ ಚಾಚಿ ನೂಲಿನ ತುದಿ ಹಿಡಿದು ಸುತ್ತತೊಡಗಿದಳು.

ಯಾಕೆ ಹಾಗೆಂದಳು? ಇಪ್ಪತ್ತೆರಡು ವರ್ಷ 'ಏ' ಎಂದು ಕರೆಸಿಕೊಂಡವಳಿಗೆ ತಪ್ಪು ನನ್ನದು ಎನ್ನುವುದು ಉಸಿರಾಡಿದಷ್ಟು ಸಲೀಸು. ಆದರೆ ಅದೊಂದೇ ಅಲ್ಲ. ನಾನು ಅಕ್ಕನ ಮಾನ ಉಳಿಸಿದರೆ ಅಕ್ಕ ನನ್ನ ಕುರ್ಚಿ ಉಳಿಸುತ್ತಾಳೆ ಎಂದು ಅವಳು ಲೆಕ್ಕ ಹಾಕಿದ್ದಳು. ಜೀವನದಲ್ಲಿ ಅವಳು ಹಾಕಿದ ಒಂದೇ ಒಂದು ಜಾಣ ಲೆಕ್ಕ ಅದು. ಉಂಡೆ ಸುತ್ತುತ್ತಲೇ ಕಾದಳು.

ಕಾಯುವುದಕ್ಕೆ ಅರ್ಥವೂ ಇತ್ತು. ಯಜಮಾನರು ಬಾಗಿಲ ಹತ್ತಿರ ಗಂಟಲು ಸರಿಮಾಡಿಕೊಂಡು, "ಏನ್ಮಾಡೋಣಮ್ಮ? ಕೈ ನೋಡಿದ್ರೆ ಚೆನ್ನಾಗೇ ಇದೆ. ಎಡ-ಬಲ ಇವತ್ತಲ್ಲ ನಾಳೆ ಬರುತ್ತೆ. ನಿಮ್ಮ ತಂಗಿ ಬೇರೆ. ಇನ್ನೊಂದು ತಿಂಗಳು ನೋಡೋಣ್ವಾ?" ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು.

ಬಿಚ್ಚಮ್ಮನ ಕಣ್ಣಿಗೆ ಕಂಡದ್ದು ನಾಳೆ. ನಾಳೆ, ನಾಡಿದ್ದು, ಇನ್ನು ಹತ್ತು ವರ್ಷ, ಎದುರಿನ ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿ ಹೆಣೆಯುವ, ಎಲ್ಲ ಗೊತ್ತಿರುವ ತಂಗಿ. ತಾನು ಯಾರದೋ ನೂಲಿನ ತುದಿ ಹಿಡಿದು 'ಸುತ್ತಿಕೋ' ಎಂದಾಗಲೆಲ್ಲ ಮೇಲೇಳದಿರುವ ಆ ಕಣ್ಣು.

"ಬೇಡಿ," ಎಂದಳು. "ನಮ್ಮೋಳು ಅಂತ ಬಿಟ್ರೆ ನಾಳೆ ಉಳಿದೋರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ನ್ಯಾಯ ಅಂದ್ರೆ ಎಲ್ರಿಗೂ ಒಂದೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಗಾದೆಯೆಂದು ತಿಳಿದಿದ್ದೇವೆ. ಆ ಕೋಣೆಯಲ್ಲಿ ಅದು ನ್ಯಾಯವೆನಿಸಿಕೊಂಡಿತು. ಯಜಮಾನರ ಮುಖದಲ್ಲಿ ಗೌರವ ಮೂಡಿತು. "ಇಂಥವರು ಎಲ್ಲಿ ಸಿಗ್ತಾರೆ," ಎನ್ನುತ್ತ ಕೆಳಗಿಳಿದರು. ಯಾರನ್ನೂ ಹೊಗಳದ ಟೋಪಿಯಕ್ಕ ಕೂಡ, "ಏನೇ ಅನ್ನಿ, ಒಡಹುಟ್ಟಿದೋಳನ್ನೂ ಬಿಡ್ಲಿಲ್ಲ," ಎಂದಳು. ಬಿಚ್ಚಮ್ಮ ಸ್ಯಾಂಪಲ್ ಜೊತೆಯನ್ನು ಮೊಳೆಗೆ ಹಾಕಲಿಲ್ಲ, ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ತಂಗಿ ಉಂಡೆ ಸುತ್ತಿ ಮುಗಿಸಿ, ಅದನ್ನು ಮೇಜಿನ ಮೇಲಿಟ್ಟು, ಕಡ್ಡಿಗಳನ್ನು ಜೋಡಿಸಿಟ್ಟಳು.

ಮರುದಿನ ಭಾನುವಾರ, ಬೆಳಿಗ್ಗೆ ಅಕ್ಕನೇ ಬಸ್ ನಿಲ್ದಾಣದವರೆಗೆ ಹೋದಳು. ತಂಗಿ ಕೇಳಿದರೆ ಏನೆನ್ನಬೇಕೆಂದು ದಾರಿಯುದ್ದಕ್ಕೂ ಉತ್ತರ ಮಸೆಯುತ್ತಿದ್ದಳು. ನಿನ್ನಿಂದ ನನ್ನ ಹೆಸರು ಹಾಳಾಗುತ್ತಿತ್ತು, ನೀನು ಎಲ್ಲರೆದುರು ಬಾಯಿಬಿಟ್ಟದ್ದೇ ತಪ್ಪು, ಎಂದೆಲ್ಲ. ತಂಗಿ ಏನೂ ಕೇಳಲಿಲ್ಲ. ಬಸ್ಸು ಹತ್ತುವಾಗ, "ಒಲೆ ಮೇಲೆ ಅನ್ನ ಇದೆ, ಹೋಗಿ ಬಿಸಿ ಮಾಡ್ಕೋ," ಎಂದಳು. ಮಸೆದಿಟ್ಟ ಉತ್ತರ ಗಂಟಲಲ್ಲೇ ಉಳಿದದ್ದಕ್ಕೆ ಬಿಚ್ಚಮ್ಮನಿಗೆ ಮೈಯೆಲ್ಲ ಉರಿಯಿತು. ಜಗಳವಾಡಿದ್ದರೆ ಅವಳನ್ನು ಕ್ಷಮಿಸಬಹುದಿತ್ತು.

ಆ ಮಧ್ಯಾಹ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸ್ಯಾಂಪಲ್ಲಿನ ಎರಡನೆಯ ಗವಸನ್ನು ಬಿಚ್ಚಿದಳು. ಎಳೆಯುವವಳೂ ಅವಳೇ, ಸುತ್ತುವವಳೂ ಅವಳೇ. ಮತ್ತೆ ಹೆಣೆಯತೊಡಗಿ, ಹೆಬ್ಬೆರಳು ಎಲ್ಲಿ ಬಿಡಬೇಕೆಂದು ಅಳತೆ ನೋಡಲು ತೊಡಿಸಿಕೊಂಡಾಗ ನೋಡುತ್ತಾಳೆ, ಅದೇ ಎಡಗೈ. ಎಲ್ಲ ಗೊತ್ತಿದ್ದೂ ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಕಡ್ಡಿಯನ್ನು ಗೋಡೆಗೆ ಎಸೆದಳು. ಆಮೇಲೆ ತಾನೇ ಎದ್ದು ಹೆಕ್ಕಿಕೊಂಡು ಬಂದಳು. ಸೋಮವಾರ ಸರಿಯಾದ ಜೊತೆ ಮೊಳೆಗೆ ಏರಿತು. ಯಾರೂ ಕತ್ತೆತ್ತಿ ನೋಡಲಿಲ್ಲ.

ಎಂಟು ತಿಂಗಳ ಮೇಲೆ ಕೋಲ್ಡ್ ಸ್ಟೋರೇಜಿನವರು ಐನೂರು ಜೊತೆ ಹೊಸ ಆರ್ಡರು ಕೊಟ್ಟರು. ಯಜಮಾನರು ಈ ಸಲ ಕೆಳಗಿನಿಂದಲೇ ಬಿಚ್ಚಮ್ಮನನ್ನು ಕರೆಸಿದರು. "ಮೂರು ಕುರ್ಚಿ ಹೆಚ್ಚಿಗೆ ಹಾಕ್ಬೇಕಮ್ಮ. ನಿಮ್ಮ ತಂಗಿನ ಕರ್ಸಿ. ಅಷ್ಟು ಬಿಗಿಯಾದ ಕೈ ನನಗೆ ಬೇರೆ ಕಂಡಿಲ್ಲ. ಕೂತು ಎಡ-ಬಲ ಹೇಳ್ಕೊಡಿ, ಸಾಕು."

"ಕೇಳ್ನೋಡ್ತೀನಿ," ಎಂದಳು ಬಿಚ್ಚಮ್ಮ. ಮೂರು ದಿನ ಬಿಟ್ಟು, "ಅವಳಿಗೆ ಅಣ್ಣನ ಮನೇಲೇ ಚೆನ್ನಾಗಿದೆಯಂತೆ, ಬರಲ್ಲ ಅಂದ್ಲು," ಎಂದು ಹೇಳಿದಳು. ಕೇಳಿರಲಿಲ್ಲ.

ಅದಾದ ವಾರಕ್ಕೆ ತಂಗಿಯದೇ ಫೋನು ಬಂತು. ಪಕ್ಕದ ಮನೆಯವರ ಫೋನಿನಿಂದ, ಬೇಗ ಬೇಗ ಮಾತಾಡಿದಳು. ಹಿಂದಿನಿಂದ ಯಾರೋ 'ಏ' ಎಂದು ಕೂಗುತ್ತಿದ್ದರು.

"ಅಕ್ಕ, ಅಲ್ಲಿ ಏನಾದ್ರೂ ಕೆಲಸ ಇದ್ಯಾ? ಗ್ಲೌಸೇ ಆಗ್ಬೇಕು ಅಂತಿಲ್ಲ. ಗುಡಿಸೋದಾದ್ರೂ ಸರಿ, ನೂಲು ಸುತ್ತೋದಾದ್ರೂ ಸರಿ."

"ಇಲ್ಲ ಕಣೇ. ಇರೋರನ್ನೇ ಬಿಡಿಸ್ತಿದಾರೆ."

ಆಮೇಲೆ ತಂಗಿ ದನಿ ತಗ್ಗಿಸಿ ಹೇಳಿದಳು: "ನಾನು ಯಾರಿಗೂ ಹೇಳಲ್ಲಕ್ಕ. ಆಣೆ."

"ಏನನ್ನ ಹೇಳಲ್ಲ?" ಎಂದಳು ಬಿಚ್ಚಮ್ಮ.

"ಏನಿಲ್ಲ," ಎಂದಳು ತಂಗಿ. "ನಾನೇ ಏನೋ ತಪ್ಪು ತಿಳ್ಕೊಂಡಿದ್ದೆ."

"ಹಾಗನ್ನು," ಎಂದು ಬಿಚ್ಚಮ್ಮ ಫೋನು ಇಟ್ಟಳು.